ರಸ್ತೆಗೆ ಅಡ್ಡ ಹಾಸಿದ ಎರಡು ಕೊಳವೆಗಳು

ನಮ್ಮ ಕ್ವಾಂಡಾಂಗ್ ರಸ್ತೆಯಲ್ಲಿ ಇಪ್ಪತ್ತೇಳು ವರ್ಷ ಟಪಾಲು ಹಂಚಿದವನು ನಾನು, ಡೆಸ್ಮಂಡ್ ಪ್ಯಾಸ್ಕೋ. ಯಾರ ಮನೆಗೆ ಎಂಥ ಕಾಗದ ಬರುತ್ತದೆ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಬಲ್ಲೆ. ನಿವೃತ್ತಿಯಾದರೂ ಈ ರಸ್ತೆ ನನ್ನದೇ ಎಂಬ ಜಂಬ ಇಳಿದಿರಲಿಲ್ಲ. ಹದಿನಾಲ್ಕನೇ ನಂಬರಿನ ಮನೆಯ ಲೂಪೆಯ ಮೇಲೆ ನನಗೆ ಗುಮಾನಿ ಹುಟ್ಟಿದ್ದು ಆ ಜಂಬದಿಂದಲೇ.

ಲೂಪೆ ಟಾಂಗಾ ದ್ವೀಪದಿಂದ ಬಂದವಳು. ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಲ್ಲಿ ಅವಳ ಗಂಡ ಟೆವಿಟಾನ ಕಣ್ಣು ಹೋಗಿದೆ. ವಾರಕ್ಕೆ ಮೂರು ಬೆಳಿಗ್ಗೆ ಅವನು ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗಬೇಕು. ಆ ಹೊತ್ತಿಗಾಗಲೇ ಲೂಪೆ ಬೇಕರಿಯ ಕೆಲಸದಲ್ಲಿರುತ್ತಾಳೆ. ಬಿಳಿ ಕೋಲು ಹಿಡಿದು ಒಬ್ಬನೇ ರಸ್ತೆ ದಾಟಿ ಬಸ್ ಸ್ಟಾಪ್ ಸೇರಬೇಕು. ದಿಬ್ಬದ ಆಚೆಯಿಂದ ಕಾರುಗಳು ಎಪ್ಪತ್ತರ ವೇಗದಲ್ಲಿ ಇಳಿಯುತ್ತವೆ. ಮಾರ್ಚ್‌ನಲ್ಲಿ ಒಂದು ಕಾರು ಅವನ ಕೋಲನ್ನೇ ಮುರಿದುಕೊಂಡು ಹೋಯಿತು. ಟೆವಿಟಾ ಬದುಕಿದ್ದೇ ಪುಣ್ಯ.

ಅದೇ ತಿಂಗಳು ಮೂಲೆಯ ಏಪ್ರಿಕಾಟ್ ತೋಟದ ಬೇಲಿಗೆ ಕೌನ್ಸಿಲ್ಲಿನ ಹಳದಿ ನೋಟಿಸ್ ಬಿತ್ತು. ಮರ ಕಡಿದು ಹನ್ನೆರಡು ಹೊಸ ಮನೆ ಕಟ್ಟುತ್ತಾರಂತೆ. ತೋಟ ಕೊಂಡ ಬಿಲ್ಡರನೇ ಲೂಪೆಯ ಮನೆಯ ಮಾಲೀಕ. ನೋಟಿಸ್ ಬಿದ್ದ ಮೂರನೇ ದಿನ ಸಂಜೆ ಲೂಪೆ ಗೇಟಿನ ಬಳಿ ನಿಂತು, ಒಮ್ಮೆ ಕಾರು ನೋಡುತ್ತ ಒಮ್ಮೆ ಗಡಿಯಾರ ನೋಡುತ್ತ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು. ಮಾರನೆಯ ದಿನವೂ ಅದೇ.

"ಏನ್ ಬರ್ಕೊಳ್ತಿದಾಳೆ ಇವಳು?" ಎಂದೆ, ಪರದೆ ಸರಿಸಿ.

"ಹೋಗಿ ಕೇಳು. ಬಾಯಿಲ್ವಾ ನಿಂಗೆ?" ಎಂದಳು ನನ್ನ ಹೆಂಡತಿ ಬೆರಿಲ್.

"ಕೇಳಿದ್ರೆ ಹೇಳ್ತಾಳಾ? ಬಿಲ್ಡರ್ ಕಡೆಯವಳು ಕಣೆ."

"ನಿಂಗೆ ಕಾಮಾಲೆ ಹಿಡ್ದಿದೆ. ಕಂಡಿದ್ದೆಲ್ಲ ಹಳದಿ."

ಎದುರು ಮನೆಯ ಗ್ಲೆನಿಸ್‌ಗೆ ಮಾತ್ರ ನನ್ನ ಮಾತು ತಕ್ಷಣ ಹಿಡಿಸಿತು. "ರೋಡು ಖಾಲಿ ಹೊಡೀತಿದೆ ಅಂತ ಬಿಲ್ಡರ್ ಕೌನ್ಸಿಲ್‌ಗೆ ತೋರಿಸ್ಬೇಕು. ಆಗ್ಲೇ ಪರ್ಮಿಷನ್ ಸಿಗೋದು. ಅದ್ಕೇ ಇವಳನ್ನ ನಿಲ್ಸಿದಾನೆ."

ಒಂದು ಸೋಮವಾರ ಕಿತ್ತಳೆ ಜಾಕೆಟ್ಟಿನವನೊಬ್ಬ ಬಂದು ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆ ಹಾಸಿ ಮೊಳೆ ಹೊಡೆದ. ಕಾರು ಎಣಿಸುವ ಯಂತ್ರ. ಲೂಪೆ ಅವನಿಗೆ ಚಹಾ ತಂದುಕೊಟ್ಟು, ನೋಟ್‌ಬುಕ್ ತೋರಿಸಿ ಮಾತಾಡಿದಳು. ಇನ್ನೇನು ಸಾಕ್ಷಿ ಬೇಕು?

ಅವತ್ತು ಸಂಜೆ ಗ್ಲೆನಿಸ್‌ಳ ಗ್ಯಾರೇಜಿನಲ್ಲಿ ಒಂಬತ್ತು ಜನ ಸೇರಿದೆವು. ಕೊಳವೆ ಕತ್ತರಿಸಿದರೆ ಪೊಲೀಸ್ ಕಾಟ. ಅದರ ಬದಲು ಅದರ ಹೊಟ್ಟೆ ಬಿರಿಯುವಷ್ಟು ಕಾರು ತಿನ್ನಿಸೋಣ ಎಂದದ್ದು ನಾನೇ. ಈಗಲೇ ಇಷ್ಟು ಕಾರಿದ್ದರೆ ಇನ್ನೂ ಹನ್ನೆರಡು ಮನೆಯ ಕಾರುಗಳನ್ನು ರಸ್ತೆ ಹೇಗೆ ತಡೆಯುತ್ತದೆ ಎಂದು ಕೌನ್ಸಿಲ್ ಹೆದರಬೇಕು.

ಒಂದು ವಾರ ಬೆಳಗಿನಿಂದ ಸಂಜೆಯವರೆಗೆ ಸರದಿಯ ಮೇಲೆ ಗಾಣದೆತ್ತಿನಂತೆ ಸುತ್ತಿದೆವು. ನಾವೆಲ್ಲ ಎಪ್ಪತ್ತು ದಾಟಿದವರು, ಸಾವಕಾಶವಾಗಿಯೇ ಓಡಿಸುವವರು. ಹಿಂದೆ ಸಿಕ್ಕಿಕೊಂಡವರು ಹಾರ್ನ್ ಹೊಡೆದು ಹೊಡೆದು ಕೊನೆಗೆ ನಮ್ಮ ಹಿಂದೆಯೇ ತೆವಳಿದರು. ನಾನು ಕಿಟಕಿಯಿಂದ ಕೈಬೀಸುತ್ತಿದ್ದೆ. ನಿಜ ಹೇಳಬೇಕೆಂದರೆ, ಅಷ್ಟು ಖುಷಿ ಎಷ್ಟೋ ವರ್ಷದಿಂದ ಪಟ್ಟಿರಲಿಲ್ಲ.

ಆರು ವಾರದ ಮೇಲೆ ಮನೆಮನೆಗೂ ಕೌನ್ಸಿಲ್ಲಿನ ಕಾಗದ ಬಂತು. ನಿವಾಸಿಯೊಬ್ಬರು ರಸ್ತೆಗೆ ಹಂಪ್ ಹಾಕಿಸಬೇಕೆಂದು ಅರ್ಜಿ ಕೊಟ್ಟಿದ್ದರಿಂದ ಕೊಳವೆ ಹಾಸಿ ವೇಗ ಅಳೆಯಲಾಯಿತು. ವಾಹನಗಳು ಹೆಚ್ಚಿದ್ದರೂ ಸರಾಸರಿ ವೇಗ ಗಂಟೆಗೆ ಇಪ್ಪತ್ತೊಂಬತ್ತು ಕಿಲೋಮೀಟರ್. ರಸ್ತೆ ಸುರಕ್ಷಿತ, ಹಂಪ್ ಅಗತ್ಯವಿಲ್ಲ. ಎರಡು ಸಲ ಓದಿದೆ. ಆಮೇಲೆ ಕೂತುಬಿಟ್ಟೆ. ಬಿಲ್ಡರನಿಗೂ ಆ ಕೊಳವೆಗೂ ಸಂಬಂಧವೇ ಇರಲಿಲ್ಲ.

ಮಧ್ಯಾಹ್ನ ಲೂಪೆ ಬಂದಳು. ಕೈಯಲ್ಲಿ ಅದೇ ನೋಟ್‌ಬುಕ್.

"ಮಿಸ್ಟರ್ ಪ್ಯಾಸ್ಕೋ, ನಿಮ್ಗೆ ಕಾಗದಪತ್ರ ಎಲ್ಲ ಗೊತ್ತಾಗತ್ತೆ ಅಂತ ಬಂದೆ. ಆ ಕಂಬದಿಂದ ಈ ಕಂಬಕ್ಕೆ ಎಷ್ಟು ಸೆಕೆಂಡು ಅಂತ ನೋಡಿ ನಾನೂ ವೇಗ ಲೆಕ್ಕ ಹಾಕಿದೀನಿ. ಅರವತ್ತೆಂಟು, ಎಪ್ಪತ್ತೆರಡು, ಎಪ್ಪತ್ತು. ಮಷೀನು ಇಪ್ಪತ್ತೊಂಬತ್ತು ಅಂತಿದೆ. ನಾನೆಲ್ಲಿ ತಪ್ಪಿದೀನಿ, ಸ್ವಲ್ಪ ನೋಡ್ತೀರಾ?"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. "ನಿಂದೇನೂ ತಪ್ಪಿಲ್ಲಮ್ಮ," ಎಂದು ಎಲ್ಲವನ್ನೂ ಹೇಳಿದೆ. ಬಿಲ್ಡರನ ವಿಷಯ, ಗ್ಯಾರೇಜು, ಕೈಬೀಸಿದ್ದು, ಒಂದನ್ನೂ ಬಿಡಲಿಲ್ಲ.

ಅವಳು ನೋಟ್‌ಬುಕ್ ಮುಚ್ಚಿದಳು. "ನನ್ನ ಕೇಳ್ಬಹುದಿತ್ತಲ್ಲ. ದಿನಾ ಅಲ್ಲೇ ನಿಂತಿರ್ತಿದ್ದೆ."

"ಇವತ್ತೇ ಕೌನ್ಸಿಲ್‌ಗೆ ಬರೀತೀನಿ."

"ಬರೀರಿ. ಮತ್ತೆ ಅಳೆಯೋದು ಮೂರು ವರ್ಷ ಆದ್ಮೇಲೇ ಅಂತ ಅವರ ಕಾಗದದಲ್ಲೇ ಇದೆ. ಸೋಮವಾರ, ಬುಧವಾರ, ಶುಕ್ರವಾರ. ಬಸ್ಸು ಏಳಕ್ಕೆ. ನೀವೇ ಬಂದು ಟೆವಿಟಾನ ದಾಟ್ಸಿ."

"ಎಷ್ಟು ದಿನ?" ಎಂದು ಬಾಯಿಂದ ಬಂದೇಬಿಟ್ಟಿತು.

"ಮೂರು ವರ್ಷ ಅಂದ್ನಲ್ಲ."

ನನಗೀಗ ಎಪ್ಪತ್ತೇಳು. ಆಗಲ್ಲ ಎನ್ನುವ ಮುಖ ಉಳಿದಿರಲಿಲ್ಲ.

ಶುಕ್ರವಾರ ಆರೂ ಮುಕ್ಕಾಲಿಗೆ ಟೆವಿಟಾನ ಗೇಟಿನಲ್ಲಿ ನಿಂತಿದ್ದೆ. ಅವನು ನನ್ನ ತೋಳು ಹಿಡಿದ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಏನೂ ಇರಲಿಲ್ಲ. "ಬಾಪ್ಪ," ಎಂದು ಕಾಲಿಟ್ಟೆ.

ಅವನು ನನ್ನನ್ನು ಹಿಂದಕ್ಕೆ ಎಳೆದ. "ತಡೀರಿ. ಒಂದು ಬರ್ತಿದೆ."

ದಿಬ್ಬದ ಮೇಲಿಂದ ಕಾರು ಬಂದು ನನ್ನ ಕೋಟಿಗೆ ಗಾಳಿ ಬಡಿಸಿ ಹೋಯಿತು.

ಟೆವಿಟಾ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. "ಈಗ ನಡೀರಿ," ಎಂದ.