ಡೊಂಬಿವಲಿಯಿಂದ ಠಾಣೆವರೆಗಿನ ಸಿಟ್ಟು

ಉತ್ತರಕ್ರಿಯೆಯ ಊಟ ಉಂಡು, ಪಾಯಸಕ್ಕೆ ಬೆಲ್ಲ ಜಾಸ್ತಿಯಾಯಿತೆಂದು ಮೆಟ್ಟಿಲಲ್ಲೇ ಆಡಿಕೊಂಡು ನೆಂಟರೆಲ್ಲ ಇಳಿದುಹೋದ ಮಾರನೆಯ ಬೆಳಿಗ್ಗೆ, ಡೊಂಬಿವಲಿಯ ಆ ಮನೆಗೆ ಹಾಲು ಎಂದಿನಂತೆ ಬಂತು. ನೀರೂ ಎಂದಿನಂತೆ ಬಂದು ಎಂದಿನಂತೆ ಅರ್ಧ ಬಕೆಟ್ಟಿಗೆ ನಿಂತಿತು. ಸಾವಿನ ಮನೆಯೆಂದು ಸೊಸೈಟಿಯ ಪಂಪು ದಾಕ್ಷಿಣ್ಯವೇನೂ ತೋರಿಸಲಿಲ್ಲ.

ಪ್ರಣೀತಾ ಬಾಲ್ಕನಿಯಲ್ಲಿ ಬಟ್ಟೆ ಹರವಿ ಒಳಗೆ ಬರುವಷ್ಟರಲ್ಲಿ ಮೇಲಿನ ಮನೆಯ ದಾನೇಶ್ವರಿ ಹಿಂಡದ ಸೀರೆಯೊಂದನ್ನು ತಂತಿಗೆ ಎಸೆದಳು. ನೀರೆಲ್ಲ ಕೆಳಗಿನ ಬಟ್ಟೆಯ ಮೇಲೆ. ಪ್ರಣೀತಾ ಮದುವೆಯಾಗಿ ಈ ಮನೆಗೆ ಬಂದಾಗಿನಿಂದಲೂ ಇಬ್ಬರಿಗೂ ಇದೇ ಜಗಳ. ಅವಳು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಐರೋಲಿಯ ಆಫೀಸಿನಲ್ಲಿ ಮೆತ್ತಗೆ ಇಂಗ್ಲಿಷ್ ಮಾತನಾಡುವವಳು. ಆದರೆ ಕತ್ತು ಮೇಲೆತ್ತಿ ಬಾಲ್ಕನಿಯಲ್ಲಿ ನಿಂತಳೆಂದರೆ ಎಂ.ಎ. ಇಳಿದು ಮೀನು ಮಾರ್ಕೆಟ್ಟು ಏರುತ್ತಿತ್ತು. ಅವತ್ತು ಮಾತ್ರ ಅವಳು ತೊಟ್ಟಿಕ್ಕುವ ನೀರನ್ನು ಸುಮ್ಮನೆ ನೋಡಿ, ಬಟ್ಟೆಗಳನ್ನು ತೆಗೆದು ಒಳಗೆ ತಂದಳು.

ಸ್ವಲ್ಪ ಹೊತ್ತಿಗೆ ದಾನೇಶ್ವರಿಯೇ ಇಳಿದು ಬಂದಳು.

“ಯಾಕವ್ವಾ, ಇವತ್ತ ಬೈಲೇ ಇಲ್ಲ? ಮೈಯಾಗ ಆರಾಮ ಇಲ್ಲೇನ?”

ಏನೂ ಇಲ್ಲ, ಪರವಾಗಿಲ್ಲ ಎಂದಳು ಪ್ರಣೀತಾ. ದಾನೇಶ್ವರಿ ಹೆದರಿ ಮೇಲೆ ಹೋಗಿ ಸೀರೆ ಹಿಂಡಿದಳು.

ಉಳಿದವರಿಗೆಲ್ಲ ಅವಳ ಶಾಂತಿಯನ್ನು ಎಷ್ಟು ಹೊಗಳಿದರೂ ಸಾಲದು. ಒಳಗಿನ ಕತೆ ಬೇರೆ. ಗಂಡ ಶೈಲೇಶನ ಹೆಣವನ್ನು ಹಜಾರದಲ್ಲಿ ಮಲಗಿಸಿದ್ದಾಗ ಅತ್ತೆ ಹರಿಣಾಕ್ಷಿ ಬಂದವರ ಮುಂದೆಲ್ಲ ಒಂದೇ ಮಾತು ಹೇಳಿದ್ದರು: “ನನ್ನ ಮಗ ಸಿಟ್ಟು ನುಂಗಿ ನುಂಗಿಯೇ ಹೋದದ್ದು. ಅವನಿಗೆ ಬಾಯಿ ಇರಲಿಲ್ಲ. ಕಟ್ಟಿಕೊಂಡವಳಿಗೆ ಎರಡುಂಟು.”

ಅವನು ಸ್ಟೇಷನ್ನಿನ ಸೇತುವೆಯ ಮೇಲೆ ಎದೆ ಹಿಡಿದುಕೊಂಡು ಕುಸಿದ ಆ ಬೆಳಿಗ್ಗೆ ಮನೆಯಲ್ಲಿ ಜಗಳವಾದದ್ದು ನಿಜ. ಗೀಸರ್ ಆಫ್ ಮಾಡದ್ದಕ್ಕೆ ಪ್ರಣೀತಾ ಕೂಗಾಡಿದ್ದಳು. ಅವನು ಯಾವತ್ತಿನಂತೆ ತುಟಿ ಬಿಚ್ಚದೆ ಶೂ ಕಟ್ಟಿಕೊಂಡು ಹೊರಟಿದ್ದ. ಕೊಲೆಸ್ಟರಾಲಿನ ಕತೆಯನ್ನು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಡಾಕ್ಟರು ಹೇಳಿದ್ದು ಇಂಗ್ಲಿಷಿನಲ್ಲಿ, ಅತ್ತೆ ಹೇಳಿದ್ದು ತುಳುವಿನಲ್ಲಿ. ಯಾವುದು ಒಳಗೆ ಹೋಗಿ ಕೂರುತ್ತದೆಂದು ಬೇರೆ ಹೇಳಬೇಕಿಲ್ಲ. ತನ್ನ ಬಾಯಿಯೇ ಅವನನ್ನು ಕೊಂದಿತೆಂದು ಅವಳು ನಂಬಿಬಿಟ್ಟಳು. ಮನೆಯಲ್ಲಿ ಉಳಿದಿದ್ದದ್ದು ಇನ್ನೊಂದೇ ಜೀವ, ಅದಕ್ಕೂ ಬಿ.ಪಿ. ಹಾಗಾಗಿ ಬಾಯಿಗೆ ಬೀಗ ಹಾಕಿದಳು. ಸಿಟ್ಟು ಬಂದರೂ ಗಂಟಲವರೆಗೆ ಬಂದು, ಪೊಲೀಸರನ್ನು ಕಂಡ ಫುಟ್‌ಪಾತಿನ ಫೇರಿವಾಲನಂತೆ ಗಂಟುಮೂಟೆ ಕಟ್ಟಿಕೊಂಡು ಓಡಿಹೋಗುತ್ತಿತ್ತು.

ಆಫೀಸಿನವರು ಕನಿಕರಪಟ್ಟು ಮನಸ್ಸಿನ ಉದ್ವೇಗಗಳನ್ನು ನಿಭಾಯಿಸುವ ವಿಡಿಯೊ ಒಂದನ್ನು ಕಳಿಸಿದರು. ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ನೀರನ್ನು ನೆನೆಯಬೇಕಂತೆ. ಅವಳು ದಿನಾ ನೋಡುವ ನೀರೆಂದರೆ ಐರೋಲಿ ಸೇತುವೆಯ ಕೆಳಗಿನ ಖಾಡಿ, ಊರ ಕೊಳಚೆಯೆಲ್ಲ ಬಂದು ಸೇರುವ ಸಮುದ್ರದ ಹಿನ್ನೀರು. ಅದನ್ನು ನೆನೆದೊಡನೆ ಕೈ ತಾನಾಗಿ ಮೂಗಿಗೆ ಹೋಯಿತು. ಉಸಿರೆಳೆಯುವ ಪಾಠ ಅಲ್ಲಿಗೇ ಕೆಟ್ಟಿತು.

ಭಾನುವಾರ ಶೈಲೇಶನ ಆಫೀಸ್ ಬ್ಯಾಗನ್ನು ಖಾಲಿ ಮಾಡಿದಾಗ ಟವೆಲಿನಲ್ಲಿ ಸುತ್ತಿದ ಒಂದು ಜೊತೆ ಹಿತ್ತಾಳೆ ತಾಳ ಸಿಕ್ಕಿತು, ಹಗ್ಗ ಹರಿದದ್ದು. ಅತ್ತೆ ನೋಡಿದವರೇ ಕಣ್ಣಿಗೆ ಒತ್ತಿಕೊಂಡರು. ಟಿಟ್ವಾಳಾದ ಗಣಪತಿಗೆ ಕರೆದುಕೊಂಡು ಹೋದರೆ ಚಪ್ಪಲಿ ಕಾಯುತ್ತೇನೆಂದು ಹೊರಗೇ ನಿಲ್ಲುತ್ತಿದ್ದ ಮಗ, ಗುಟ್ಟಾಗಿ ಭಜನೆ ಮಾಡುತ್ತಿದ್ದನಂತೆ. ತಾಳ ದೇವರ ಗೂಡು ಸೇರಿತು, ಕುಂಕುಮ ಏರಿತು. ಮಗ ಸಂತನಾಗಿದ್ದನೆಂಬ ಸುದ್ದಿ ಮಧ್ಯಾಹ್ನದೊಳಗೆ ಫೋನಿನಲ್ಲಿ ಮಾಜಿವಾಡಾದ ನೆಂಟರವರೆಗೂ ಹೋಯಿತು.

ಸಂಜೆ ಕಿಟ್ಟಣ್ಣ ಬಂದರು. ಕಲ್ಯಾಣದಿಂದ ಶೈಲೇಶನ ಲೋಕಲ್ ರೈಲಿನಲ್ಲೇ ಬರುವ ಗುಮಾಸ್ತರು, ಆ ರೈಲುಡಬ್ಬಿಯ ಭಜನಾ ಮಂಡಳಿಯ ಹಿರಿಯರು. ಚಹಾ ಕುಡಿದು, ದುಃಖ ಹೇಳಿ, ಮತ್ತೆ ಚಹಾ ಕುಡಿದು, ಕೊನೆಗೆ ತಾಳ ತಮ್ಮದೆಂದೂ, ಹಗ್ಗ ಬದಲಿಸಿ ತರುತ್ತೇನೆಂದು ಶೈಲೇಶ ಒಯ್ದದ್ದೆಂದೂ ನೆಲ ನೋಡುತ್ತ ಹೇಳಿದರು. ಅದು ನನ್ನ ಮಗನ ಭಕ್ತಿ, ಕೊಡುವುದಿಲ್ಲ ಎಂದರು ಅತ್ತೆ.

ಕಿಟ್ಟಣ್ಣನಿಗೆ ಸುಳ್ಳು ಬರುವುದಿಲ್ಲ. ಲೋಕಲಿನ ಭಜನಾ ಮಂಡಳಿಯೆಂದರೆ ಕಲ್ಯಾಣದಲ್ಲೇ ಹತ್ತಿ ಜಾಗ ಹಿಡಿದು ಕೂರುವ ಜನ, ತಾಳ ಎತ್ತಿಕೊಂಡವನಿಗೆ ಡೊಂಬಿವಲಿಯಲ್ಲೂ ಕೂರಲು ಸಿಗುತ್ತದೆ, ಶೈಲೇಶ ಬಂದದ್ದು ಸೀಟಿಗೆ ಎಂದು ವಿವರಿಸಿದರು.

“ಆದರೆ ಅಕ್ಕ, ಅವ ಬಡಿಯುವುದನ್ನು ನೀವು ನೋಡಬೇಕಿತ್ತು. ಮನೆಯಲ್ಲಿ ಜಗಳ ಆದ ದಿನ ನಮಗೆ ನಮ್ಮ ಸ್ವರವೇ ಕೇಳುತ್ತಿರಲಿಲ್ಲ. ನಾವು ವಿಠಲ ವಿಠಲ ಅಂದರೆ ಇವ ಗೀಸರ್ ಗೀಸರ್ ಅನ್ನುತ್ತಿದ್ದ. ಠಾಣೆ ಬರುವಾಗ ಸಿಟ್ಟೆಲ್ಲ ಖಾಲಿ. ನಗಾಡಿಕೊಂಡು ಬಟಾಟೆವಡೆ ಎಲ್ಲಿ ಅಂತ ಕೇಳುವುದು. ದಿನಾ ಎರಡು ಬೇಕು ಅವನಿಗೆ.”

ಪ್ರಣೀತಾ ಲೋಟ ಕೆಳಗಿಟ್ಟಳು. “ಅವರು ಸಿಟ್ಟು ನುಂಗುತ್ತಿರಲಿಲ್ಲವಾ?”

“ಅವನಾ? ವಡೆ ನುಂಗುತ್ತಿದ್ದ, ಅಷ್ಟೇ. ನಿನ್ನ ಹೆಸರು ಹಿಡಿದೇ ಬೈಯುತ್ತಿದ್ದ ಮಗಾ, ಬೇಜಾರು ಮಾಡಬೇಡ.” ಕಿಟ್ಟಣ್ಣ ಅತ್ತೆಯ ಕಡೆ ನೋಡಿ ಕೆಮ್ಮಿದರು. “ನಿಮ್ಮದೂ ಇತ್ತು ಅಕ್ಕ. ನಿಮ್ಮ ದಿನ ತಾಳ ಸ್ವಲ್ಪ ಜೋರೇ.”

“ನಾನು ಎಂತ ಮಾಡಿದ್ದೆ ಅವನಿಗೆ?”

“ಊಟದ ಡಬ್ಬಿಗೆ ದಿನಾ ಹಾಗಲಕಾಯಿ ಹಾಕಿ ಕೊಡುತ್ತಿದ್ದಿರಂತೆ.”

“ಡಾಕ್ಟರು ಹೇಳಿದ್ದಕ್ಕೆ. ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತಲ್ಲ ಮತ್ತೆ?”

“ನಾನು ತಿನ್ನುತ್ತಿದ್ದೆ,” ಎಂದರು ಕಿಟ್ಟಣ್ಣ. “ನನಗೆ ಶುಗರ್ ಉಂಟು. ಒಳ್ಳೆದಿರುತ್ತಿತ್ತು.”

ಅತ್ತೆ ಎದ್ದರು. ದೇವರ ಗೂಡಿನಿಂದ ತಾಳ ತೆಗೆದು, ಕುಂಕುಮವನ್ನು ಸೆರಗಿನಲ್ಲಿ ತಿಕ್ಕಿ ಒರೆಸಿದರು. ಗೋಡೆಯ ಮೇಲಿನ ಫೋಟೊದತ್ತ ತಿರುಗಿ, ತುಳುವಿನಲ್ಲಿ, ತಾಯಂದಿರಷ್ಟೇ ಬೈಯಬಹುದಾದ ಮಾತುಗಳಲ್ಲಿ ಬೈದರು: ವಡೆ ತಿಂದದ್ದಕ್ಕೆ, ಬಾಯಿ ಬಿಟ್ಟು ಹೇಳದ್ದಕ್ಕೆ, ಹೇಳದೆ ಹೋದದ್ದಕ್ಕೆ. ಬೈಯುತ್ತ ಬೈಯುತ್ತ ಕೂತುಬಿಟ್ಟರು. ಪ್ರಣೀತಾ ನೀರು ತಂದುಕೊಟ್ಟಳು. ಅತ್ತೆ ಕ್ಷಮೆಯೇನೂ ಕೇಳಲಿಲ್ಲ. ನೀರು ಕುಡಿದು, ಲೋಟ ಹಿಂದೆ ಕೊಡುವಾಗ ಅವಳ ಕೈಯನ್ನು ಕೊಂಚ ಹೊತ್ತು ಬಿಡಲಿಲ್ಲ.

“ಇವತ್ತು ಕೊಡಬೇಡ,” ಎಂದರು ಆಮೇಲೆ. “ಹರಿದದ್ದನ್ನು ಹಾಗೇ ವಾಪಸು ಕೊಡುವುದು ಚಂದವಲ್ಲ. ಹೊಸ ಹಗ್ಗ ಹಾಕಿ ನೀನೇ ಕೊಟ್ಟು ಬಾ.”

ಮರುದಿನ ಬೆಳಿಗ್ಗೆ ಪ್ರಣೀತಾ ಗಂಡಸರ ಡಬ್ಬಿ ನಿಲ್ಲುವ ಕಡೆ ತಾಳ ಹಿಡಿದು ನಿಂತಳು. ಲೋಕಲ್ ಬರುವ ಮೊದಲೇ ಜನ ಮುಂದಕ್ಕೆ ಒತ್ತತೊಡಗಿದರು. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಒಬ್ಬ ಅವಳನ್ನು ಮೊಣಕೈಯಿಂದ ಸರಿಸಿ, ಮಂಜೀರಾ ಬಡಿಯಲು ಮಂದಿರಕ್ಕೆ ಹೋಗಿ ಎಂದು ಮರಾಠಿಯಲ್ಲಿ ಹೇಳಿದ.

ಸಿಟ್ಟು ಗಂಟಲವರೆಗೆ ಬಂತು. ಈ ಸಲ ಓಡಿಹೋಗಲಿಲ್ಲ.

ಮರಾಠಿಯಲ್ಲಿ ಶುರುವಾಗಿ, ನಡುವೆ ಹಿಂದಿಗೆ ಹೊರಳಿ, ಅವನ ಮೊಣಕೈ, ಬ್ಯಾಗು, ಬೆಳೆಸಿದವರ ಸಂಸ್ಕಾರ ಎಲ್ಲವನ್ನೂ ಮುಟ್ಟಿ, ಕೊನೆಗೆ ಯಾರಿಗೂ ಅರ್ಥವಾಗದ ತುಳುವಿನಲ್ಲಿ ಬಂದು ನಿಂತಿತು. ಆ ಮನುಷ್ಯ ಸಾರಿ ತಾಯಿ ಎಂದ. ಪಕ್ಕದವರು ಎರಡು ಹೆಜ್ಜೆ ಹಿಂದೆ ಸರಿದರು. ಪ್ರಣೀತಾ ಅವನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದಳು. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಸಾಯಲಿಲ್ಲ.

ಲೋಕಲ್ ಬಂತು. ತುಂಬಿ ತುಳುಕುವ ಬಾಗಿಲಿನಲ್ಲಿ, ಯಾರದೋ ಕಂಕುಳ ಕೆಳಗಿನಿಂದ ಕಿಟ್ಟಣ್ಣನ ಕೈ ಹೊರಬಂತು. ಅವಳು ತಲೆಗಳ ಮೇಲಿಂದ ತಾಳವನ್ನು ಎತ್ತಿ ಆ ಕೈಗೆ ದಾಟಿಸಿದಳು.

“ಹಗ್ಗ ಗಟ್ಟಿ ಉಂಟು,” ಎಂದು ಕೂಗಿ ಹೇಳಿದಳು. “ನಾನೇ ಕಟ್ಟಿದ್ದು.”