ಗೋಪಾಲಮ್ಮನ ಜಡೆ

ಮಗಳ ಹೆಣಕ್ಕೆ ಮೂರನೆಯ ಕೊಡ ನೀರು ಹುಯ್ಯುವಾಗ ಮುನಿವೆಂಕಟಮ್ಮನ ಕೈ ಅವಳ ತಲೆಯ ಮೇಲೆ ನಿಂತಿತು. ಮಿದುಳಿನ ಗಡ್ಡೆ ತೆಗೆಯಲೆಂದು ಬೋಳಿಸಿದ ತಲೆ. ಹೊಲಿಗೆಯ ಸುತ್ತ ಕೂದಲು ಆಗಲೇ ಮೊಳೆತಿತ್ತು. ಮುನಿವೆಂಕಟಮ್ಮ ಅಳಲಿಲ್ಲ. ನೀರು ತಣ್ಣಗಾಯಿತೇನೋ ಎಂದು ಇನ್ನೊಂದು ಚೆಂಬು ಬಿಸಿನೀರು ಬೆರೆಸಿದಳು.

"ಎಂಥಾ ಜಡೆ ಇತ್ತು ನಿನ್ ಮಗಳಿಗೆ," ಎಂದಳು ಪಕ್ಕದ ಮನೆಯ ಅಕ್ಕಯ್ಯಮ್ಮ. "ಇಪ್ಪತ್ತೆಂಟಕ್ಕೇ ಓಗ್ಬಿಟ್ಲಲ್ಲಾ."

"ಲೈಟ್ ಕೊಡಿಸಿದ್ಮೇಲೆ ಬಂದ ಕೂದ್ಲು ಕಣೆ ಅದು."

*

ನಲವತ್ತೈದನೇ ಇಸವಿಯಲ್ಲಿ ಗೋಪಾಲಮ್ಮನಿಗೆ ಏಳು ವರ್ಷ. ತಲೆತುಂಬ ಹುಳುಕಡ್ಡಿ. ಶಾಲೆಯಲ್ಲಿ ಅವಳನ್ನು ಬಾಗಿಲಾಚೆ ಕೂರಿಸುತ್ತಿದ್ದರು. ಬೇವಿನೆಣ್ಣೆ, ಗಂಧಕ, ಯಾವುದಕ್ಕೂ ಬಗ್ಗಲಿಲ್ಲ. ಗಂಡ ಬೇಡವೆಂದರೂ ಕೇಳದೆ ಮುನಿವೆಂಕಟಮ್ಮ ಮಗುವನ್ನು ಎಳೆದುಕೊಂಡು ಕೆಂಪಾಪುರದಿಂದ ಹೆಬ್ಬಾಳಕ್ಕೆ ನಡೆದು, ಅಲ್ಲಿಂದ ಜಟಕಾ ಹಿಡಿದು, ಪೇಟೆಯ ಆಸ್ಪತ್ರೆ ಸೇರಿದಳು. ಊರವರು ಲೈಟ್ ಎನ್ನುತ್ತಿದ್ದ ಎಕ್ಸ್‌ರೇ ಯಂತ್ರವನ್ನು ಮಗುವಿನ ತಲೆಗೆ ಗುರಿಯಿಟ್ಟರು. "ಅಲ್ಲಾಡ್ಬೇಡ ಕಣಮ್ಮಿ," ಎಂದು ತಾಯಿ ಬಾಗಿಲ ಹೊರಗಿನಿಂದ ಕೂಗಿದಳು. ಮಗು ಅಲ್ಲಾಡಲಿಲ್ಲ.

ಮೂರು ವಾರಕ್ಕೆ ಕೂದಲೆಲ್ಲ ಉದುರಿತು. ಯುಗಾದಿ ಹೊತ್ತಿಗೆ ಹೊಸದು ಬಂತು, ದಟ್ಟವಾಗಿ. ಜಡೆ ಹೆಣೆಯುವಾಗಲೆಲ್ಲ ಮುನಿವೆಂಕಟಮ್ಮ ಬೀಗುತ್ತಿದ್ದಳು.

*

"ಯಾವ್ ಆಸ್ಪತ್ರೆ ಅದು? ನಮ್ ಮೊಮ್ಮಗೀಗೂ ಉಳುಕಡ್ಡಿ ಆಗೈತೆ. ಕರ್ಕೊಂಡೋಗ್ತೀನಿ," ಎಂದಳು ಅಕ್ಕಯ್ಯಮ್ಮ.

ತಡಿಕೆಯಾಚೆ ಹೊಸ ಸೀರೆ ಹಿಡಿದು ನಿಂತಿದ್ದ ಅಳಿಯ ಆನಂದಪ್ಪ ತಟ್ಟನೆ, "ಬ್ಯಾಡಿ," ಎಂದ. "ಈಗ ಮಾತ್ರೆ ಬಂದವೆ. ಮಾತ್ರೆನೇ ಕೊಡ್ಸಿ."

"ಯಾಕಪ್ಪಾ?" ಎಂದಳು ಮುನಿವೆಂಕಟಮ್ಮ. ಆನಂದಪ್ಪ ಸೀರೆಯ ಮಡಿಕೆ ಸರಿಮಾಡತೊಡಗಿದ. "ಅದೇನಂತ ಏಳಪ್ಪ. ಡಾಕ್ಟ್ರು ಏನಂದ್ರು?"

"ಚಿಕ್ಕೋಳಿದ್ದಾಗ ತಲೆಗೆ ಲೈಟ್ ಕೊಡಿಸಿದ್ರಾ ಅಂದ್ರು ಅತ್ತೆ. ಅದ್ರಿಂದ್ಲೂ ಇಂಗೆ ಗಡ್ಡೆ ಬೆಳೀಬೋದಂತೆ, ಎಷ್ಟೋ ವರ್ಷ ಆದ್ಮೇಲೆ. ಅದೇ ಅಂತ ಗ್ಯಾರಂಟಿ ಏಳಕ್ಕಾಗಲ್ವಂತೆ."

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವ್ವಂಗೆ ಏಳ್ಬೇಡಿ ಅಂದಿದ್ದೇ ಅವಳು."

ಮುನಿವೆಂಕಟಮ್ಮ ಕೊಡದಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಹುಯ್ದಳು. ಸೆರಗಿನಿಂದ ಮಗಳ ತಲೆ ಒರೆಸಿದಳು, ಹೊಲಿಗೆಗೆ ತಾಗದಂತೆ.

"ಮೊಮ್ಮಗೀಗೆ ಮಾತ್ರೆನೇ ಕೊಡ್ಸು, ಅಕ್ಕಯ್ಯ," ಎಂದಳು.

ಮಧ್ಯಾಹ್ನ ಕೆರೆ ಏರಿಯ ಕೆಳಗೆ ಹೆಣವನ್ನು ಗುಣಿಗೆ ಇಳಿಸಿದರು. "ಮಣ್ಣು ಆಕವ್ವಾ," ಎಂದರು ಯಾರೋ. ಮುನಿವೆಂಕಟಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ. ಜನ ಕಾದರು. ಆನಂದಪ್ಪ ಅವಳ ಪಕ್ಕಕ್ಕೆ ಬಂದು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.