ಪಾತ್ರೆಯವಳು ಹೋದ ಊರು

ಅಮೃತಬಾಯಿಯನ್ನು ಹಳ್ಳದಿಂದ ಉಳಿಸಿದ ಹೆಂಗಸಿನ ಹೆಸರು ಗೊತ್ತಾಗಲು ಒಂದು ತಿಂಗಳೇ ಹಿಡಿಯಿತು. ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರೂ ಆಕೆಯನ್ನು ‘ಪಾತ್ರೆಯವಳು’ ಎಂದೇ ಕರೆಯುತ್ತಿದ್ದರು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುತ್ತ ಊರೂರು ತಿರುಗುವವಳು ಎಂಬುದಷ್ಟೇ ಗೊತ್ತಿತ್ತು.

ರಾಯಿಕೋಡಿನ ಹತ್ತಿರದ ಅಮೃತಬಾಯಿಯ ಹಳ್ಳಿಗೂ ಕುರಿ ಮೇಯುವ ಗುಡ್ಡಕ್ಕೂ ನಡುವೆ ಒಂದು ಹಳ್ಳವಿದೆ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಅಮೃತಬಾಯಿಯ ಗಂಡ ಕಲ್ಯಾಣಪ್ಪ ಅರವತ್ತು ಕುರಿಗಳನ್ನು ಹೊಡೆದುಕೊಂಡು ಹಳ್ಳದ ತಗ್ಗು ಸೇತುವೆ ದಾಟಿ ಮುಂದೆ ಹೋಗಿದ್ದ. ಹಿಂದೆ ಉಳಿದ ಐದಾರು ಕುರಿಗಳೊಂದಿಗೆ ಅಮೃತಬಾಯಿ ಸೇತುವೆಯ ನಡುವೆ ಬಂದಾಗ ನೀರು ಮೊಣಕಾಲಿಗೇರಿತ್ತು. ಒಂದು ಕುರಿ ಕಾಲು ಜಾರಿತು. ಅದನ್ನು ಹಿಡಿಯಲು ಬಾಗಿದವಳು ತಾನೂ ಜಾರಿದಳು.

ನೂರು ಮಾರು ಕೆಳಗೆ ಅವಳಿಗೆ ಒಂದು ಜಾಲಿ ಟೊಂಗೆ ಸಿಕ್ಕಿತು. ದಂಡೆಯ ಮೇಲೆ, ನೀರು ಇಳಿಯಲೆಂದು ಕಾಯುತ್ತ ಒಬ್ಬ ಹೆಂಗಸು ಕುಳಿತಿದ್ದಳು. ಪಕ್ಕದಲ್ಲಿ ಪಾತ್ರೆಯ ಬುಟ್ಟಿ, ಹಳೆ ಬಟ್ಟೆಯ ಗಂಟು. ಆಕೆ ಗಂಟು ಬಿಚ್ಚಿ ಮೂರು ಸೀರೆ ಹೊರತೆಗೆದಳು. ಒಂದಕ್ಕೊಂದು ಬಿಗಿದಳು. ಒಂದು ತುದಿಯನ್ನು ದಂಡೆಯ ಮರಕ್ಕೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಇಳಿದಳು. ಟೊಂಗೆ ಹಿಡಿದವಳಿಗೆ ಯಾವ ಭಾಷೆ ಬರುತ್ತದೋ ತಿಳಿಯದೆ ತನಗೆ ಬರುವ ಮೂರು ಭಾಷೆಗಳಲ್ಲೂ ಕೂಗಿದಳು.

“ಛೋಡ್ನಕೋ! ವದಲಕು! ಬಿಡಬ್ಯಾಡ ಅಕ್ಕಾ, ಬಿಡಬ್ಯಾಡ!”

ಹತ್ತಿರ ಬಂದಾಗ ಸೀರೆ ಇಬ್ಬರಿಗೆ ಸಾಲದು ಎಂದು ಆಕೆಗೆ ಕಂಡಿತು. ತನ್ನ ಸೊಂಟದ ಗಂಟು ಬಿಚ್ಚಿ ಅಮೃತಬಾಯಿಯ ಸೊಂಟಕ್ಕೆ ಕಟ್ಟಿ, ತಾನು ಟೊಂಗೆ ಹಿಡಿದಳು. “ನೀ ನಡಿ, ನಾ ಬರ್ತೀನಿ” ಎಂದಳು. ಅಮೃತಬಾಯಿ ಸೀರೆ ಜಗ್ಗುತ್ತ ದಂಡೆ ಮುಟ್ಟಿ ತಿರುಗಿ ನೋಡುವ ಹೊತ್ತಿಗೆ ಟೊಂಗೆಯೂ ಇರಲಿಲ್ಲ, ಆಕೆಯೂ ಇರಲಿಲ್ಲ.

ಎದೆಗೆ ನೀರು ಹೊಕ್ಕಿದ್ದ ಅಮೃತಬಾಯಿಯನ್ನು ಜಹೀರಾಬಾದಿನ ಆಸ್ಪತ್ರೆಗೆ ಸೇರಿಸಿದರು. ಎರಡನೆಯ ದಿನ ಪಾತ್ರೆಯವಳ ಹೆಣವೂ ಅಲ್ಲಿಗೇ ಬಂತು. ನರ್ಸ್ ಪ್ರೇಮಲಾ ಸಂಜೆ ಅಮೃತಬಾಯಿಯ ಮಂಚದ ಹತ್ತಿರ ಬಂದು ಕುಳಿತಳು. “ಆಕಿ ಕೂದಲದಾಗ ಬರೇ ಕಸ ಸಿಕ್ಕೊಂಡಿತ್ತು. ತೊಳದು ಬಾಚಿ ಹೆಳಲ ಹಾಕೇನಿ” ಎಂದಳು. ಅಮೃತಬಾಯಿಗೆ ಆಗಲೇ ಅಳು ಬಂದದ್ದು.

ಆಕೆ ಯಾರು ಎಂಬುದಕ್ಕೆ ಗುರುತಿರಲಿಲ್ಲ. ಬುಟ್ಟಿಯಲ್ಲಿ ಒಂಬತ್ತು ಪಾತ್ರೆ, ಗಂಟಿನಲ್ಲಿ ಯಾರ್ಯಾರದೋ ಬಟ್ಟೆ. ಫೋನ್ ನೀರು ಪಾಲಾಗಿತ್ತು. ಕೈಯಲ್ಲಿ ಕೆಂಪು ದಾರವಿತ್ತು. ಆದರೆ ಈ ಸೀಮೆಯಲ್ಲಿ ಗುಡಿಯಲ್ಲೂ ದರ್ಗಾದಲ್ಲೂ ಅಂಥದೇ ದಾರ ಕಟ್ಟುತ್ತಾರೆ. ಗಲ್ಲದ ಮೇಲೆ ಹಸಿರು ಹಚ್ಚೆಯ ಒಂದು ಚುಕ್ಕೆ, ಮೂಗಿಗೆ ಬೆಳ್ಳಿ ನತ್ತು. ಮೂರು ದಿನ ಕಾದರೂ ಯಾರೂ ಬರಲಿಲ್ಲ. ಪೊಲೀಸರು ಕಾಗದದಲ್ಲಿ ‘ಲಾವಾರಿಸ್’, ಅಂದರೆ ವಾರಸುದಾರರಿಲ್ಲದ ಹೆಣ, ಎಂದು ಬರೆಯಹೊರಟರು.

ಕಲ್ಯಾಣಪ್ಪ ಮಾತು ಕಡಿಮೆಯ ಮನುಷ್ಯ. ಕುರಿಗೆ ಬಿಟ್ಟು ಬೇರೆಯವರಿಗೆ ದನಿ ಎತ್ತಿದವನಲ್ಲ. ಅವತ್ತು ಠಾಣೆಯ ಮೇಜಿನ ಮುಂದೆ ನಿಂತು, “ಲಾವಾರಿಸ್ ಅಂತ ಬರೀಬ್ಯಾಡ್ರಿ ಸಾಹೇಬರ. ನಾವದೀವಿ” ಎಂದ.

“ನೀವು ಆಕೀಗಿ ಏನಾಗಬೇಕು?”

“ಆಕಿ ನಮಗೇನಾಗಬೇಕು ಅಂತ ಕೇಳ್ರಿ. ನನ್ನ ಹೇಣ್ತೀನ ಉಳಿಸ್ಯಾಳ.”

ಸಬ್ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಮುಂದೆ ಯಾರಾದರೂ ಬಂದರೆ ಬೇಕಾದೀತು, ಸುಡಬೇಡಿ, ಹೂಳಿರಿ ಎಂದು ಹೇಳಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಕಲ್ಯಾಣಪ್ಪನ ತೊಗರಿ ಹೊಲದ ಬದುವಿನ ಹತ್ತಿರ ಕುಣಿ ತೆಗೆದರು. ಹೆಣ ಇಳಿಸುವಾಗ ತಕರಾರು ಎದ್ದಿತು. ತಲೆ ಯಾವ ದಿಕ್ಕಿಗೆ? ಕಲ್ಯಾಣಪ್ಪನ ತಾಯಿ ಬಾಳಮ್ಮ ತೆಂಕಣಕ್ಕೆ ಎಂದಳು. ಪಕ್ಕದ ಮನೆಯ ಖಾಜಾಬಿ, ಆಕೆ ತಮ್ಮವಳೇ ಆಗಿದ್ದರೆ ತಲೆ ಬಡಗಣಕ್ಕೆ ಇರಬೇಕು, ಮುಖ ಪಡುವಣಕ್ಕೆ ತಿರುಗಿರಬೇಕು ಎಂದಳು. ಜಹೀರಾಬಾದಿನಿಂದ ಬಂದಿದ್ದ ಪ್ರೇಮಲಾ, ತಮ್ಮವರು ಮೂಡಣಕ್ಕೆ ಮುಖ ಮಾಡುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಎಲ್ಲರೂ ಅಮೃತಬಾಯಿಯನ್ನು ನೋಡಿದರು.

“ನಮ್ಮ ಮನಿ ಮಂದೀಗಿ ಹ್ಯಾಂಗ ಮಲಗಸ್ತೀವಿ, ಹಂಗ ಮಲಗಸ್ರಿ” ಎಂದಳು ಅಮೃತಬಾಯಿ.

ಖಾಜಾಬಿ ಮೊದಲ ಹಿಡಿ ಮಣ್ಣು ಹಾಕಿದಳು.

ಆದರೆ ಮಣ್ಣು ಮುಚ್ಚಿದ ಮೇಲೆ ಅಮೃತಬಾಯಿಗೆ ಬೇರೊಂದು ಚಿಂತೆ ಹತ್ತಿತು. ಅಷ್ಟು ದೊಡ್ಡ ಉಪಕಾರ ಮಾಡಿದವಳಿಗೆ ಒಂದು ಮಾತು ಹೇಳಲೂ ಆಗಲಿಲ್ಲ. ಈಗ ಹೇಳುವುದಾದರೆ ಎಲ್ಲಿಗೆ ಹೇಳಬೇಕು? ಸತ್ತವಳು ಹೋದದ್ದೆಲ್ಲಿಗೆ?

ಅವಳು ಮೊದಲು ಅತ್ತೆಯನ್ನೇ ಕೇಳಿದಳು. ಬಾಳಮ್ಮನಿಗೆ ಅನುಮಾನವೇ ಇರಲಿಲ್ಲ. “ನೀರಾಗ ಸತ್ತವರು ನೀರ ಬಿಟ್ಟು ಹೋಗಂಗಿಲ್ಲ. ಹಳ್ಳದಾಗೇ ತಿರಗತಿರ್ತಾರ. ಅಮಾಸಿಗೊಮ್ಮಿ ಎಡಿ ಹಿಡಿಬೇಕು, ಒಂದ ಸೀರಿ ಇಡಬೇಕು. ಹೊಟ್ಟಿ ತಂಪಾದ್ರ ಮುಂದಿನ ಹುಟ್ಟಿಗೆ ಹೋಗ್ತಾರ.” ಅಮೃತಬಾಯಿ ಅಮಾವಾಸ್ಯೆಯ ದಿನ ಜೋಳದ ರೊಟ್ಟಿ, ಹೆಸರುಬೇಳೆ, ಬೆಲ್ಲ, ತನ್ನ ಪೆಟ್ಟಿಗೆಯ ಹಸಿರು ಸೀರೆ ಒಯ್ದು ದಂಡೆಯ ಮೇಲಿಟ್ಟಳು.

ಖಾಜಾಬಿಯ ಮಾತು ಬೇರೆಯೇ ಇತ್ತು. “ಎಲ್ಲೀ ತಿರಗಂಗಿಲ್ಲ ತಂಗಿ. ಕಬರದಾಗೇ ಇರ್ತಾರ, ಕಯಾಮತ್ ದಿನ ದೇವರು ಎಲ್ಲಾರನ್ನೂ ಎಬ್ಬಸೂ ತನಕ. ಒಳ್ಳೇವರಿಗಿ ಅದು ಇಕ್ಕಟ್ಟ ಆಗಂಗಿಲ್ಲ. ಅಗಲ ಆಗ್ತದ, ತಂಪ ಗಾಳಿ ಬರ್ತದ. ನೀ ಆಕಿ ಹೆಸರಲೆ ಬಾಯಾರಿದವರಿಗಿ ನೀರ ಕೊಡು, ಅದರ ಪುಣ್ಯ ಆಕೀಗಿ ಮುಟ್ಟತದ.”

“ಹೆಸರೇ ಗೊತ್ತಿಲ್ಲಲ್ಲ ಆಪಾ?”

“ಅಲ್ಲಾಗ ಗೊತ್ತದ ಬಿಡು.”

ಅಮೃತಬಾಯಿ ರಸ್ತೆಯ ಬೇವಿನ ಮರದ ಕೆಳಗೆ ಎರಡು ಮಣ್ಣಿನ ಕೊಡ ಇಟ್ಟು ದಿನಾ ಬೆಳಿಗ್ಗೆ ತುಂಬತೊಡಗಿದಳು. ಖಾಜಾಬಿ ಗುರುವಾರ ಬಂದು ಗೋರಿಯ ಬಳಿ ಊದುಬತ್ತಿ ಹಚ್ಚಿ ಫಾತೆಹಾ ಓದಿದಳು.

ಎದೆ ತೋರಿಸಲು ಮತ್ತೆ ಜಹೀರಾಬಾದಿಗೆ ಹೋದಾಗ ಪ್ರೇಮಲಾಳನ್ನೂ ಕೇಳಿದಳು. ಪ್ರೇಮಲಾ ಅವಳ ಕೈ ಹಿಡಿದುಕೊಂಡಳು. “ಆಕಿ ದೇವರ ಹತ್ರ ಅದಾಳ. ಹಸಿವಿಲ್ಲ, ದಣಿವಿಲ್ಲ. ನೀವೇನೂ ಕಳಸೋದು ಬ್ಯಾಡ. ಹೇಳೋದಿದ್ರ ದೇವರಿಗಿ ಹೇಳ್ರಿ, ಆತ ಆಕೀಗಿ ಹೇಳ್ತಾನ.” ಆ ಭಾನುವಾರ ಚರ್ಚಿನಲ್ಲಿ ಆಕೆಗಾಗಿ ಪ್ರಾರ್ಥನೆ ಮಾಡಿಸಿದಳು. ಅಮೃತಬಾಯಿ ಹಿಂದಿನ ಬೆಂಚಿನಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದಳು, ಕುಳಿತಾಗ ಕುಳಿತಳು.

ಕೊನೆಗೆ ಹಳ್ಳಿಯ ಶಾಲೆಯ ನರಸಿಂಹುಲು ಮಾಸ್ತರರು. ಅವರ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ. ಸುಳ್ಳು ಹೇಳದ ಮನುಷ್ಯ ಎಂದು ಊರಿಗೆಲ್ಲ ಗೊತ್ತು.

“ನೋಡಕ್ಕಾ, ನನಗ ಆಕಿ ಎಲ್ಲೇ ಅದಾಳ ಅಂತ ಅನಸಂಗಿಲ್ಲ” ಎಂದರು. “ಆತ್ಮ ಗೀತ್ಮ ಎಲ್ಲೂ ಹೋಗಂಗಿಲ್ಲ. ಆಕಿ ಮಾಡಿದ ಕೆಲಸ ಮಾತ್ರ ಮುಂದ ಹೋಗ್ತದ. ನೀವು ಜೀವಂತ ತಿರಗಾಡ್ಲತ್ತೀರಲ್ಲ, ಅದೇ ಅದು.”

“ಹಂಗಾದ್ರ ನಾ ಹೇಳಬೇಕಾದ ಮಾತು ಯಾರಿಗಿ ಹೇಳಲಿ?”

ಮಾಸ್ತರರು ಏನೋ ಹೊಳೆದವರಂತೆ, “ಆಕೀಗಿ ಮಂದಿ ಇದ್ದೇ ಇರ್ತಾರ. ಹುಡುಕೋಣ” ಎಂದು ಫೋನ್ ತೆಗೆದರು. ಪ್ರೇಮಲಾಳಿಂದ ಗುರುತುಗಳನ್ನು ಕೇಳಿ ಬರೆದುಕೊಂಡು, ಗಲ್ಲದ ಚುಕ್ಕೆ, ನತ್ತು, ಪಾತ್ರೆಯ ಬುಟ್ಟಿ ಎಲ್ಲವನ್ನೂ ತೆಲುಗಿನಲ್ಲೂ ಕನ್ನಡದಲ್ಲೂ ಸೇರಿಸಿ, ನಾರಾಯಣಖೇಡ, ಧಾರೂರು, ತಾಂಡೂರು, ಕೊಡಂಗಲ್ಲಿನ ಮಾಸ್ತರರಿಗೆಲ್ಲ ಕಳಿಸಿದರು.

ಇತ್ತ ಬಾಳಮ್ಮ ಸೊಸೆಯನ್ನು ಕೆಣಕಿದಳು. “ಎಡಿ ಇಡ್ತಿ, ಫಾತೆಹಾ ಓದಸ್ತಿ, ಚರ್ಚಿಗಿ ಹೋಗ್ತಿ. ಯಾವದು ಮುಟ್ಟತದ ಅಂದೀ?”

“ಆಕಿ ಯಾವ ಊರಾಗ ಇದ್ದಾಳೋ ಗೊತ್ತಿಲ್ಲ ಅತ್ತಿ. ಎಲ್ಲಾ ಊರಿಗೂ ಕಾಗದ ಹಾಕೇನಿ. ಒಂದರ ಮುಟ್ಟತದ.”

ಬಾಳಮ್ಮ ನಕ್ಕಳು. ಮರುದಿನ ಕೊಡಗಳನ್ನು ತಾನೇ ತುಂಬಿದಳು.

ಗುರುತು ಕಳಿಸಿದ ಹದಿನಾರನೆಯ ದಿನಕ್ಕೆ ಮಾಸ್ತರರ ಫೋನಿಗೆ ತಾಂಡೂರಿನಿಂದ ಕರೆ ಬಂತು. ಅದರ ಮರುದಿನ ರಾಜೇಶ್ವರಿ ಎಂಬವಳು ಬಸ್ಸಿಳಿದಳು. ಅವಳ ಗಲ್ಲದ ಮೇಲೂ ಅಂಥದೇ ಹಸಿರು ಚುಕ್ಕೆ. ಪಾತ್ರೆಯವಳ ತಂಗಿ. ಅಕ್ಕನ ಹೆಸರು ಮಾಯಾ. ವ್ಯಾಪಾರಕ್ಕೆ ಹೊರಟರೆ ಹದಿನೈದು ಇಪ್ಪತ್ತು ದಿನ ಮನೆಗೆ ಬರುತ್ತಿರಲಿಲ್ಲವಾದ್ದರಿಂದ ಮೊದಮೊದಲು ಯಾರೂ ಹುಡುಕಲಿಲ್ಲ. ಆಮೇಲೆ ಹುಡುಕಿದ್ದೆಲ್ಲ ಕೊಡಂಗಲ್ ಕಡೆ, ಏಕೆಂದರೆ ಈ ದಿಕ್ಕಿಗೆ ಅವಳು ಬಂದದ್ದು ಇದೇ ಮೊದಲು.

ಅಮೃತಬಾಯಿ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದಳು, ಮನಸ್ಸಿನಲ್ಲಿ ಒಂದೇ ಅಂಜಿಕೆ. ಈಕೆ ತಮ್ಮವಳನ್ನು ಎತ್ತಿ ಒಯ್ಯುತ್ತೇನೆ ಎಂದರೆ? ಹಕ್ಕು ಆಕೆಯದೇ. ಬೇಡ ಎನ್ನಲು ಬಾಯಿಲ್ಲ.

ರಾಜೇಶ್ವರಿ ಗೋರಿಯ ಮಣ್ಣಿಗೆ ಹಣೆ ಹಚ್ಚಿ ಅತ್ತಳು. ಅತ್ತು ಮುಗಿದ ಮೇಲೆ ಸುತ್ತ ನೋಡಿದಳು. ಊದುಬತ್ತಿಯ ಕಡ್ಡಿ, ಬಾಳಮ್ಮನ ಹಣತೆ, ಪ್ರೇಮಲಾ ತಂದು ನೆಟ್ಟ ಕಣಗಿಲೆ ಸಸಿ.

“ಇದೆಲ್ಲ ಯಾರು ಮಾಡ್ಯಾರ?”

ಅಮೃತಬಾಯಿ ಅಂಜುತ್ತಲೇ ಹೇಳಿದಳು. ಯಾರು ಏನೆಂದರು, ತಾನು ಏನು ಮಾಡಿದೆ, ಎಲ್ಲವನ್ನೂ. “ತಪ್ಪಾಗಿದ್ರ ಮಾಫ್ ಮಾಡು ತಂಗಿ. ನಿಮ್ಮ ಪದ್ಧತಿ ಏನಂತ ಗೊತ್ತಿರಲಿಲ್ಲ.”

ರಾಜೇಶ್ವರಿಯ ಒದ್ದೆ ಮುಖದಲ್ಲಿ ನಗೆ ಬಂತು. “ನಮ್ಮ ಅಪ್ಪನ್ನ ಸುಟ್ಟೀವಿ. ಅವ್ವ ಹತ್ತು ವರ್ಷದಿಂದ ಚರ್ಚಿಗಿ ಹೋಗ್ತಾಳ. ಅಕ್ಕ ಎಲ್ಲಿ ನೆರಳು ಇರ್ತದೋ ಅಲ್ಲಿ ಕುಂಡ್ರತಿದ್ಳು, ದರ್ಗಾ ಆಗಲಿ ಗುಡಿ ಆಗಲಿ. ಒಮ್ಮಿ ನಾನೇ ಕೇಳಿದ್ದೆ, ಸತ್ತ ಮ್ಯಾಲ ಎಲ್ಲಿಗೆ ಹೋಗ್ತೀವೇ ಅಂತ. ‘ದಿನಾ ಹತ್ತೂರು ತಿರಗತೀನಿ, ಅದೊಂದು ಹನ್ನೊಂದನೇ ಊರು. ಅಲ್ಲೂ ಯಾರರ ಹಳೇ ಬಟ್ಟಿ ಇಟಗೊಂಡು ಕುಂತಿರ್ತಾರ’ ಅಂದಿದ್ಳು.”

ಕಲ್ಯಾಣಪ್ಪ ಬದುವಿನ ಮೇಲೆ ಕುಳಿತು ಕೇಳುತ್ತಿದ್ದವನು ಮುಖ ಆ ಕಡೆ ತಿರುಗಿಸಿದ. ಜೊತೆಗೆ ಬಂದಿದ್ದ ನರಸಿಂಹುಲು ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

“ಒಯ್ಯತೀಯೇನು ಆಕೀನ?” ಅಮೃತಬಾಯಿ ಕೇಳಿಯೇ ಬಿಟ್ಟಳು.

ರಾಜೇಶ್ವರಿ ತೊಗರಿಯ ಹಳದಿ ಹೂ ಮೂಡುತ್ತಿದ್ದ ಹೊಲವನ್ನು ನೋಡಿದಳು. “ಇಲ್ಲಕ್ಕಾ. ಇಲ್ಲಿ ಆಕೀಗಿ ಇಷ್ಟು ಮಂದಿ ಅದೀರಿ. ಒಯ್ದು ಎಲ್ಲಿ ಇಡಲಿ? ಆದ್ರ ನೀವು ಒಮ್ಮಿ ತಾಂಡೂರಿಗೆ ಬರಬೇಕು. ನಮ್ಮ ಅವ್ವ ನಿಮ್ಮನ್ನ ನೋಡಬೇಕಂತ.”

ಆ ವಾರವೇ ಗಂಡ ಹೆಂಡತಿ ಬಸ್ಸು ಹತ್ತಿದರು. ಒಂಬತ್ತು ಪಾತ್ರೆಗಳನ್ನೂ ಬೂದಿ ಹಚ್ಚಿ ತಿಕ್ಕಿ, ಬುಟ್ಟಿಯಲ್ಲಿ ತುಂಬಿ ಒಯ್ದರು. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಚಿಕ್ಕ ಮನೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಅಮೃತಬಾಯಿ ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತ ಬಂದಿದ್ದಳು. ನನ್ನ ಮಗಳನ್ನು ನುಂಗಿ ಬದುಕಿದೆ ಎಂದು ಆ ಮುದುಕಿ ಬೈದರೂ ಬೈಸಿಕೊಳ್ಳಬೇಕೆಂದು ಗಟ್ಟಿ ಮಾಡಿಕೊಂಡಿದ್ದಳು.

ಮಾಯಾಳ ತಾಯಿ ಲಚ್ಚಮ್ಮ ಹೊಸ್ತಿಲ ಒಳಗೆ ಕುಳಿತಿದ್ದಳು. “ಬೆಳಕಿಗಿ ಬಾ” ಎಂದಳು. ಅಮೃತಬಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಭುಜ, ತೋಳು, ಕೈ, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಒಂದೊಂದನ್ನೂ ಮುಟ್ಟಿ ನೋಡಿದಳು.

“ಮಕ್ಕಳೆಷ್ಟು?”

“ಒಬ್ಬ ಮಗಳು ಯವ್ವಾ. ನಾರಾಯಣಖೇಡಕ್ಕ ಕೊಟ್ಟೀವಿ. ಈಗ ಬಸುರಿ ಅದಾಳ.”

“ಅಂದ್ರ ನೀ ಬಾಣಂತನ ಮಾಡಬೇಕು.”

“ಹೂಂ ಯವ್ವಾ.”

“ನೀ ಹೋಗಿದ್ರ ಆ ಹುಡುಗೀಗಿ ಯಾರು ಮಾಡ್ತಿದ್ರು?” ಲಚ್ಚಮ್ಮ ಕಣ್ಣೊರೆಸಿಕೊಂಡಳು. “ನನ್ನ ಮಗಳು ಪ್ರಭುವಿನ ಹತ್ರ ಹೋಗ್ಯಾಳ ಅಂತ ಪಾಸ್ಟರ್ ಹೇಳ್ಯಾರ. ನಾ ನಂಬೇನಿ. ಖರೇ, ರಾತ್ರಿ ಮಲಗಿದ್ರ ಯಾಕ ಹೋದ್ಳು, ಯಾರ ಸಲುವಾಗಿ ಹೋದ್ಳು ಅಂತ ಒಂದೇ ಸಮ ಕೇಳ್ತಿತ್ತು ಜೀವ. ಈಗ ನಿನ್ನ ನೋಡಿದೆ. ಛಲೋ ಆತು, ಬಂದಿ.”

ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಅಮೃತಬಾಯಿಯ ಬಾಯಿಗೆ ಬರಲಿಲ್ಲ. ಅವಳು ಮುದುಕಿಯ ಪಾದದ ಮೇಲೆ ತಲೆಯಿಟ್ಟಳು. “ಯವ್ವಾ, ನಿನ್ನ ಮಗಳು ಭಾಳ ದೊಡ್ಡಾಕಿ” ಎಂದಷ್ಟೇ ಅಂದಳು.

“ಗೊತ್ತದ ನನಗ” ಎಂದು ಲಚ್ಚಮ್ಮ ಅವಳ ಬೆನ್ನು ಸವರಿದಳು. “ಏಳು, ಊಟ ಮಾಡು ಮೊದಲ. ಭಾಳ ಸೊರಗೀದಿ.”

ತಣ್ಣನೆಯ ಹಾಸುಗಲ್ಲಿನ ಮೇಲೆ ಮೂವರೂ ಸುತ್ತ ಕುಳಿತರು. ರಾಜೇಶ್ವರಿ ಬಿಸಿ ರೊಟ್ಟಿ ತಟ್ಟಿ ಹಾಕಿದಳು, ಜೊತೆಗೆ ಪುಂಡಿಪಲ್ಯ. ಲಚ್ಚಮ್ಮ ತನ್ನ ತಟ್ಟೆ ಬಿಟ್ಟು ಅಮೃತಬಾಯಿಯ ತಟ್ಟೆಯನ್ನೇ ನೋಡುತ್ತಿದ್ದಳು. ಒಂದು ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಹಾಕಿಸುತ್ತಿದ್ದಳು. ಅವತ್ತು ಅಮೃತಬಾಯಿ ಮೂರು ರೊಟ್ಟಿ ಉಂಡಳು. ಹಳ್ಳದಿಂದ ಎದ್ದು ಬಂದ ಮೇಲೆ ಅವಳಿಗೆ ನಿಜವಾಗಿ ಹಸಿವಾದದ್ದು ಅದೇ ಮೊದಲು.